ಕಿವಿ ಮೊದಲು ರಸ್ತೆಗೆ: ಬ್ಲೂಟೂತ್ ಹೆಲ್ಮೆಟ್ ಬಳಸುವ ಬಗೆ

ವಿಜಯನಗರದಿಂದ ಕೆಂಗೇರಿವರೆಗೆ ಯಾವ ಸಿಗ್ನಲ್‌ನಲ್ಲಿ ನಿಂತು ನೋಡಿದರೂ ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಕತ್ತು ವಾಲಿಸಿ ಮಾತಾಡುತ್ತಾ ಹೋಗುವ ಸವಾರರು ಕಾಣುತ್ತಾರೆ. ಫೋನ್ ಜಾರಿತೆಂದರೆ ಕೈ ತಾನಾಗಿ ಹ್ಯಾಂಡಲ್ ಬಿಡುತ್ತದೆ. ವಾಹನ ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನ್ ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಂ, 2019ರ ತಿದ್ದುಪಡಿಯ ನಂತರ, ಅಪಾಯಕಾರಿ ಚಾಲನೆ ಎಂದೇ ಪರಿಗಣಿಸುತ್ತದೆ. ಸ್ಪೀಕರ್, ಮೈಕ್ ಇರುವ ಬ್ಲೂಟೂತ್ ಹೆಲ್ಮೆಟ್ ಈ ಸರ್ಕಸ್ಸಿಗೆ ಕೊನೆ ಹಾಡಬಲ್ಲದು. ಆದರೆ ಅದನ್ನು ದಾರಿ ಕೇಳಲು ಬಳಸಬೇಕು, ಹರಟೆಗೆ ಬಳಸಬಾರದು. ಕೊಳ್ಳುವಾಗಲೇ ಈ ನಿರ್ಧಾರ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಮೊದಲು ಹೆಲ್ಮೆಟ್, ಆಮೇಲೆ ಬ್ಲೂಟೂತ್

ಅಂಗಡಿಯಲ್ಲಿ ಸ್ಪೀಕರ್‌ನ ಗುಣಗಾನ ಕೇಳುವ ಮುನ್ನ ಹೆಲ್ಮೆಟ್ಟನ್ನು ತಿರುಗಿಸಿ ಐಎಸ್‌ಐ ಗುರುತು ಮತ್ತು ‘ಐಎಸ್ 4151’ ಎಂಬ ಸಂಖ್ಯೆ ಹುಡುಕಿ. ಈ ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ದೇಶದಲ್ಲಿ ಕಾನೂನುಬಾಹಿರ. ತಲೆಗೆ ಹಾಕಿ ಪಟ್ಟಿ ಬಿಗಿದ ಮೇಲೆ, ಹಿಂದಿನಿಂದ ಮುಂದಕ್ಕೆ ಎತ್ತಿ ಕಳಚಲು ನೋಡಿ. ಕಳಚಿ ಬಂದರೆ ಆ ಅಳತೆ ನಿಮ್ಮದಲ್ಲ. ಕೆನ್ನೆಯ ಮೆತ್ತೆ ಒತ್ತಿ ಹಿಡಿಯಬೇಕು, ಆದರೆ ಕಿವಿ ಮಡಚಬಾರದು. ಸ್ಪೀಕರ್ ಕೂತ ಮೇಲೆ ಕಿವಿಯ ಜಾಗ ಇನ್ನಷ್ಟು ಇಕ್ಕಟ್ಟಾಗುತ್ತದೆ ಎಂಬುದು ನೆನಪಿರಲಿ.

ಸಾಧನದಲ್ಲಿ ಎರಡು ಬಗೆ. ಒಂದು, ಕಂಪನಿಯಿಂದಲೇ ಒಳಗೆ ಜೋಡಿಸಿ ಬರುವುದು. ಇನ್ನೊಂದು, ಬೇರೆಯಾಗಿ ಕೊಂಡು ಹೆಲ್ಮೆಟ್‌ಗೆ ಕ್ಲಿಪ್ ಹಾಕುವ ಇಂಟರ್‌ಕಾಮ್. ಬೆಂಗಳೂರಿನದೇ ಆದ ಬ್ಲೂಆರ್ಮರ್ ಸಂಸ್ಥೆ ಹೆಲ್ಮೆಟ್ ತಂಪು ಮಾಡುವ ಸಾಧನಗಳಿಂದ ಶುರುಮಾಡಿ ಈ ಎರಡನೇ ಬಗೆಯ ಇಂಟರ್‌ಕಾಮ್‌ಗಳಿಗೆ ಬಂದಿದೆ. ಹೊರದೇಶದ ಸೇನಾ, ಕಾರ್ಡೊ ಕೂಡ ಸಿಗುತ್ತವೆ. ದಿನಾ ರಾಜಾಜಿನಗರದಿಂದ ಪೀಣ್ಯಕ್ಕೋ ಮೈಸೂರು ರಸ್ತೆಗೋ ಓಡಾಡುವವರಿಗೆ ನನ್ನ ಸಲಹೆ ಕ್ಲಿಪ್ ಬಗೆಯೇ. ಒಮ್ಮೆ ಜೋರಾಗಿ ಬಿದ್ದರೆ ಹೆಲ್ಮೆಟ್ ಬದಲಿಸಲೇಬೇಕು, ಬೀಳದಿದ್ದರೂ ಕೆಲವು ವರ್ಷಗಳಲ್ಲಿ ಬದಲಿಸಬೇಕು. ಆಗ ಇಂಟರ್‌ಕಾಮ್ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಬಹುದು. ಒಳಗೇ ಸೇರಿದ್ದರೆ ಬ್ಯಾಟರಿ ಸತ್ತಾಗ ಒಳ್ಳೆಯ ಹೆಲ್ಮೆಟ್ಟೂ, ಹೆಲ್ಮೆಟ್ ಒಡೆದಾಗ ಒಳ್ಳೆಯ ಬ್ಯಾಟರಿಯೂ ದಂಡ.

ಜೋಡಣೆಯಲ್ಲಿ ಆತುರ ಬೇಡ

ದನಿ ಸರಿಯಾಗಿ ಕೇಳಿಸದು ಎಂಬ ದೂರುಗಳಲ್ಲಿ ಹೆಚ್ಚಿನವು ಸ್ಪೀಕರ್ ಕೂತ ಜಾಗದಿಂದ ಬಂದವು. ಸ್ಪೀಕರ್ ಕಿವಿಯ ರಂಧ್ರಕ್ಕೆ ನೇರವಾಗಿರಬೇಕು. ಒಂದು ಬೆರಳಗಲ ಕೆಳಗೋ ಹಿಂದಕ್ಕೋ ಹೋದರೂ ದನಿ ಅರ್ಧ ಸೋರಿಹೋಗುತ್ತದೆ. ಹೆಲ್ಮೆಟ್ ಹಾಕಿಕೊಂಡು, ಮೆತ್ತೆಯ ಸಂದಿಯಲ್ಲಿ ಬೆರಳು ತೂರಿಸಿ ಕಿವಿ ಎಲ್ಲಿ ಬರುತ್ತದೆಂದು ಗುರುತು ಮಾಡಿಕೊಂಡು ಅಂಟಿಸಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್‌ಗೆ ಗದ್ದದ ಭಾಗದಲ್ಲಿ ಅಂಟಿಸುವ ಸಣ್ಣ ಮೈಕ್ ಸಾಕು. ಮುಂದೆ ತೆರೆದಿರುವುದಕ್ಕೆ ಕಡ್ಡಿಯಂಥ ಮೈಕ್ ಬೇಕು, ಅದು ತುಟಿಯ ಹತ್ತಿರವಿರಲಿ. ಗುಂಡಿಗಳಿರುವ ಪೆಟ್ಟಿಗೆ ಎಡಬದಿಗೇ ಬರಲಿ. ಬಲಗೈ ಆ್ಯಕ್ಸಿಲೇಟರ್ ಮತ್ತು ಮುಂದಿನ ಬ್ರೇಕಿಗೆ ಬೇಕು.

ಜಾಗ ಸಾಲದೆಂದು ಒಳಗಿನ ಥರ್ಮಾಕೋಲನ್ನು ಚಾಕುವಿನಿಂದ ಕೆರೆಯಬೇಡಿ, ಹೊರಚಿಪ್ಪಿಗೆ ರಂಧ್ರ ಕೊರೆಸಬೇಡಿ. ಪೆಟ್ಟು ಬಿದ್ದಾಗ ಜಜ್ಜಿಹೋಗಿ ತಲೆ ಉಳಿಸುವುದು ಆ ಥರ್ಮಾಕೋಲ್ ಪದರವೇ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಪೂರ್ತಿ ಚಾರ್ಜ್ ಮಾಡಿ. ಮುಖ್ಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಕೆಂಪು, ನೀಲಿ ದೀಪ ಒಂದಾದ ಮೇಲೊಂದು ಮಿನುಗುತ್ತದೆ. ಆಗ ಮೊಬೈಲ್‌ನ ಬ್ಲೂಟೂತ್ ಪಟ್ಟಿಯಲ್ಲಿ ಸಾಧನದ ಹೆಸರು ಮುಟ್ಟಿದರೆ ಜೋಡಿಯಾಯಿತು. ಮನೆಯಲ್ಲಿ ಇನ್ನೊಂದು ಫೋನ್‌ಗೂ ಜೋಡಿಸಿದ್ದರೆ ಅದರ ಬ್ಲೂಟೂತ್ ಆರಿಸಿ. ಇಲ್ಲವಾದರೆ ಹೆಲ್ಮೆಟ್ ಅದನ್ನೇ ಹಿಡಿದುಕೊಳ್ಳಬಹುದು.

ಮುಂದಿನ ಹೆಜ್ಜೆ ಬಹಳ ಜನ ಮಾಡದೇ ಬಿಡುವಂಥದು. ಕರೆಯನ್ನು ತಾನಾಗಿ ಸ್ವೀಕರಿಸುವ ಸೌಲಭ್ಯವಿದ್ದರೆ ಅದನ್ನು ಬಂದ್ ಮಾಡಿ. ವಾಟ್ಸ್ಆ್ಯಪ್ ಸದ್ದನ್ನೂ ಅಡಗಿಸಿ. ಗೂಗಲ್ ಮ್ಯಾಪ್ಸ್‌ನಲ್ಲಿ ವಾಹನದ ಬಗೆ ದ್ವಿಚಕ್ರ ವಾಹನ ಎಂದಿರಲಿ, ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಗದ್ದಲದ ನಡುವೆ ‘ಎಡಕ್ಕೆ ತಿರುಗಿ’ ಎಂಬ ಮಾತು ಯೋಚನೆಯ ಹಂಗಿಲ್ಲದೆ ಒಳಗಿಳಿಯುತ್ತದೆ. ಎಲ್ಲಿಗೆ ಎಂಬುದನ್ನು ಗೇಟಿನಲ್ಲೇ ತುಂಬಿ, ಮೊಬೈಲ್ ಜೇಬಿಗೆ ಹಾಕಿ ಹೊರಡಿ.

ದನಿ ಎಷ್ಟಿರಬೇಕು?

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸುತ್ತ ಓಡಾಡುವವರಿಗೆ ಆಂಬುಲೆನ್ಸ್ ಸೈರನ್ ಹೊಸದಲ್ಲ. ಅದು ಹಿಂದಿನಿಂದ ಬರುವಾಗ ನಮಗೆ ತಿಳಿಯುವುದು ಕಿವಿಯಿಂದಲೇ. ಎಂಜಿನ್ ಚಾಲೂ ಇದ್ದಾಗ, ಪಕ್ಕದಲ್ಲಿ ನಿಂತವರು ಸಹಜವಾಗಿ ಮಾತಾಡಿದ್ದು ಸ್ಪೀಕರ್‌ನ ದನಿಯ ನಡುವೆಯೂ ಕೇಳಬೇಕು. ಅಲ್ಲಿಗೆ ದನಿಯ ಮಿತಿ. ವೇಗ ಹೆಚ್ಚಿದಂತೆ ಗಾಳಿಯ ಭೋರ್ಗರೆತ ಹೆಚ್ಚುತ್ತದೆ, ಅದನ್ನು ಮೀರಿಸಲು ನಾವು ದನಿ ಏರಿಸುತ್ತಾ ಹೋಗುತ್ತೇವೆ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್. ದನಿ ಏರಿದಷ್ಟೂ ಕಿವಿ ತಡೆಯುವ ಅವಧಿ ಕುಗ್ಗುತ್ತದೆ. ದನಿ ಏರಿಸುವ ಬದಲು ವೈಸರ್ ಮುಚ್ಚಿ, ವೇಗ ಇಳಿಸಿ. ನಗರದೊಳಗೆ ಹಾಡು ಬೇಡವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಸ್ತೆಗಿಳಿದ ಮೇಲೆ

ಕರೆ ಬಂದರೆ ಇಂಡಿಕೇಟರ್ ಹಾಕಿ, ಎಡಕ್ಕೆ ಸರಿದು ನಿಂತು ಮಾತಾಡಿ. ಕೈ ಖಾಲಿ ಇದ್ದರೂ ಮನಸ್ಸು ಮಾತಿನಲ್ಲಿರುತ್ತದೆ. ಹ್ಯಾಂಡ್ಸ್‌ಫ್ರೀ ಕರೆ ಕೈಯಲ್ಲಿ ಹಿಡಿದ ಫೋನ್‌ಗಿಂತ ಹೆಚ್ಚೇನೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸುಮನಹಳ್ಳಿ ಜಂಕ್ಷನ್‌ನಲ್ಲೋ ನಾಯಂಡಹಳ್ಳಿಯಲ್ಲೋ ನಾಲ್ಕೂ ಕಡೆಯಿಂದ ಬಸ್ಸು, ಆಟೊ ನುಗ್ಗುವಾಗ ಅರೆಗಮನ ಸಾಲದು.

ದಾರಿ ಹೇಳುವ ದನಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ಅದಕ್ಕೆ ಎಷ್ಟೋ ಸಲ ತಿಳಿಯದು. ಮೈಸೂರು ರಸ್ತೆಯ ಮೆಟ್ರೊ ಸೇತುವೆಯಡಿ ಜಿಪಿಎಸ್ ತಡವರಿಸಬಹುದು. ಕೆಂಗೇರಿ ದಾಟಿ ಬಿಡದಿ ಕಡೆ ಹೊರಟರೆ ಇನ್ನೂ ಎಚ್ಚರ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರ್‌ಗಳಿಗೆ ಪ್ರವೇಶವಿಲ್ಲ. ದನಿ ಏನೇ ಹೇಳಲಿ, ಫಲಕ ನೋಡಿ ಸರ್ವೀಸ್ ರಸ್ತೆಗೆ ಇಳಿಯಿರಿ.

ಹಿಂದೆ ಕೂತವರೊಡನೆ, ಜೊತೆಯ ಬೈಕಿನವರೊಡನೆ ಮಾತಾಡಲು ಇಂಟರ್‌ಕಾಮ್ ನಿಜಕ್ಕೂ ಉಪಯುಕ್ತ. ಕತ್ತು ತಿರುಗಿಸಿ ಕೂಗುವುದು ತಪ್ಪುತ್ತದೆ. ಭಾನುವಾರ ಮಾಗಡಿ ರಸ್ತೆ ಹಿಡಿದು ಮಂಚನಬೆಲೆ, ಸಾವನದುರ್ಗಕ್ಕೆ ಹೋಗುವ ತಂಡಗಳು ಮೊದಲೇ ಒಪ್ಪಂದ ಮಾಡಿಕೊಳ್ಳಲಿ: ಮುಂದಿನವರು ಗುಂಡಿ, ಹಂಪ್, ಎದುರು ಬರುವ ಲಾರಿ, ತಿರುವು ಇಷ್ಟನ್ನೇ ಹೇಳುವುದು. ಡಬ್ಬಿಯ ಮೇಲೆ ಬರೆದ ದೂರ ಬಯಲಿನ ಲೆಕ್ಕ. ಕಟ್ಟಡ, ತಿರುವುಗಳ ನಡುವೆ ಅದು ತುಂಬ ಕಡಿಮೆಯಾಗುತ್ತದೆ. ಸಾಮಾನ್ಯ ಬ್ಲೂಟೂತ್ ಸರಪಳಿಯಲ್ಲಿ ನಡುವಿನವರು ಹಿಂದುಳಿದರೆ ಸಂಪರ್ಕ ಕಡಿಯುತ್ತದೆ, ಮೆಶ್ ತಂತ್ರಜ್ಞಾನದಲ್ಲಿ ಉಳಿದವರ ಮೂಲಕ ತಾನೇ ಹಾದಿ ಹುಡುಕಿಕೊಳ್ಳುತ್ತದೆ. ಒಂದು ಕಂಪನಿಯ ಮೆಶ್ ಇನ್ನೊಂದರ ಜೊತೆ ಸಾಮಾನ್ಯವಾಗಿ ಬೆರೆಯದು, ಆದ್ದರಿಂದ ಗೆಳೆಯರ ಬಳಿ ಯಾವುದಿದೆ ಎಂದು ಕೇಳಿಯೇ ಕೊಳ್ಳಿ.

ಆರೈಕೆ

ಮಳೆಗಾಲಕ್ಕೆ ‘ಐಪಿ67’ ಎಂಬ ಗುರುತಿರುವುದು ಒಳ್ಳೆಯದು, ಆದರೆ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಬಿಗಿಯಾಗಿರಬೇಕು. ಒದ್ದೆಯಿದ್ದಾಗ ಚಾರ್ಜ್‌ಗೆ ಹಾಕಬೇಡಿ. ಮೆತ್ತೆ ಒಗೆಯುವ ಮುನ್ನ ಸ್ಪೀಕರ್, ವೈರು ಬಿಚ್ಚಿಡಿ. ಮೆಟ್ರೊ ನಿಲ್ದಾಣದ ಬಳಿ ಬೈಕ್ ನಿಲ್ಲಿಸಿ ಹೋಗುವವರು ಹೆಲ್ಮೆಟ್ಟನ್ನು ಬಿಸಿಲಿನಲ್ಲಿ ನೇತುಹಾಕದೆ, ಇಂಟರ್‌ಕಾಮ್ ಕಳಚಿ ಚೀಲಕ್ಕೆ ಹಾಕಿಕೊಳ್ಳಲಿ. ಕಳವಿನ ಭಯವೂ ಇಲ್ಲ, ಬ್ಯಾಟರಿಯೂ ಬೇಯದು. ಜೋರಾಗಿ ಬಿದ್ದ ಹೆಲ್ಮೆಟ್ಟಿನಿಂದ ಸಾಧನ ಬಿಚ್ಚಿಕೊಂಡು, ಪಟ್ಟಿ ಕತ್ತರಿಸಿ ಎಸೆಯಿರಿ, ಬೇರೊಬ್ಬರು ಎತ್ತಿಕೊಂಡು ಹಾಕಿಕೊಳ್ಳದಂತೆ.