ಹೊಲಿಗೆ ಬಿಚ್ಚಿದ ಮೇಲೆ

ತಮ್ಮನ ತಲೆಯ ಹೊಲಿಗೆ ಬಿಚ್ಚಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು. ಬೈಕಿನಿಂದ ಬಿದ್ದು 4 ದಿನ ಎಚ್ಚರವಿಲ್ಲದೆ ಮಲಗಿದ್ದವನು ಓಡಾಡುತ್ತಿದ್ದ, ಎಲ್ಲರ ಗುರುತೂ ಹಿಡಿಯುತ್ತಿದ್ದ. ಗಂಡಾಂತರ ಕಳೆಯಿತು ಎಂದುಕೊಂಡೆವು. ಒಂದು ಗುಟುಕು ಕುಡಿದವನೇ ‘ಏಲಕ್ಕಿ ಹಾಕಿಲ್ವೇನಕ್ಕ?’ ಎಂದ.

ನಾನೇ ಕುಟ್ಟಿ ಹಾಕಿದ್ದೆ.

ಅದರ ಅರ್ಥ ತಿಳಿಯಲು 2 ತಿಂಗಳು ಹಿಡಿಯಿತು. ಒಂದು ಸಂಜೆ ಹಾಲು ಉಕ್ಕಿ, ಸೀದು ಮನೆಯೆಲ್ಲ ಕಮಟು. ಒಲೆಯ ಪಕ್ಕದಲ್ಲೇ ಕೂತಿದ್ದವನಿಗೆ ಗೊತ್ತೇ ಆಗಿರಲಿಲ್ಲ. ವಾಸನೆಯನ್ನು ಮಿದುಳಿಗೆ ಮುಟ್ಟಿಸುವ ನರದ ಎಳೆಗಳು ಮೂಗಿನ ಮೇಲಿರುವ ಜರಡಿಯಂಥ ತೆಳು ಮೂಳೆಯ ತೂತುಗಳಲ್ಲಿ ಹಾದುಹೋಗುತ್ತವೆ. ಜೋರು ಪೆಟ್ಟಿಗೆ ಮಿದುಳು ಅಲುಗಿದಾಗ ಆ ಎಳೆಗಳು ಹರಿಯಬಹುದು ಎಂದರು ನರರೋಗದ ವೈದ್ಯರು. ಅಂದಿನಿಂದ ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡುವ ಕೆಲಸ ನನ್ನದು.

ಸ್ವಭಾವದ್ದು ಇದಕ್ಕಿಂತ ದೊಡ್ಡ ಸಂಕಟ. ಎಂದೂ ದನಿಯೇರಿಸದವನು ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ. ಕಿರಾಣಿ ಅಂಗಡಿಯ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದವನು ಇಬ್ಬರು ಗಿರಾಕಿಗಳು ಒಟ್ಟಿಗೆ ಕೇಳಿದರೆ ತಬ್ಬಿಬ್ಬಾಗುತ್ತಿದ್ದ. ಮಧ್ಯಾಹ್ನವಾಗುವಷ್ಟರಲ್ಲಿ ಸುಸ್ತಾಗಿ ಮಲಗಿಬಿಡುತ್ತಿದ್ದ. ಅಮ್ಮ ಸೋಮಾರಿತನ ಎಂದರು, ನೆಂಟರು ಮಾಟ ಎಂದರು. ‘ಬೇಕೂಂತಲೇ ಮಾಡ್ತೀಯ’ ಎಂದು ನಾನು ಕೂಗಾಡಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಸಿಟ್ಟಿಗೆ ಲಗಾಮು ಹಾಕುವುದು, ಒಂದಾದ ಮೇಲೊಂದು ಕೆಲಸ ಜೋಡಿಸಿಕೊಳ್ಳುವುದು ಹಣೆಯ ಹಿಂದಿರುವ ಮಿದುಳಿನ ಕೆಲಸ. ಅವನಿಗೆ ಪೆಟ್ಟಾದದ್ದೇ ಅಲ್ಲಿ.

ಫಿನಿಯಸ್ ಗೇಜ್‌ನ ಬಗ್ಗೆ ಓದಿದ್ದು ಆಮೇಲೆ. ಅಮೆರಿಕದ ವರ್ಮಾಂಟ್‌ನಲ್ಲಿ 1848ರ ಸೆಪ್ಟೆಂಬರ್ 13ರಂದು ರೈಲುದಾರಿಗಾಗಿ ಬಂಡೆ ಸಿಡಿಸುವಾಗ ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಗೆ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಬದುಕಿದ, ಆದರೆ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. ಮೇಸ್ತ್ರಿ ಕೆಲಸ ಮತ್ತೆ ಸಿಗಲಿಲ್ಲ. ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ನನಗೆ ಧೈರ್ಯ ಕೊಟ್ಟದ್ದು ಆ ಸಾರೋಟು.

ಸಾರೋಟಿನ ಕೆಲಸದಂತೆ ದಿನವೂ ಒಂದೇ ಕ್ರಮದಲ್ಲಿ ನಡೆಯುವ ದಿನಚರಿಯನ್ನು ನಾವೂ ಕಟ್ಟಿದೆವು. ಮಾಡಬೇಕಾದ ಕೆಲಸಗಳು ಗೋಡೆಯ ಮೇಲಿನ ಹಲಗೆಯಲ್ಲಿ, ಅಂಗಡಿಯಲ್ಲಿ ಒಂದು ಸಲಕ್ಕೆ ಒಬ್ಬ ಗಿರಾಕಿ, ಊಟಕ್ಕೆ ಮುಂಚೆ ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ. ತಮ್ಮ ಈಗ ಬೆಳಿಗ್ಗೆ 8ರಿಂದ 11ರವರೆಗೆ ಗಲ್ಲಾದಲ್ಲಿ ಕೂರುತ್ತಾನೆ. ಏಲಕ್ಕಿಯ ವಾಸನೆ ಮಾತ್ರ ಮರಳಲಿಲ್ಲ.

ನಿಮ್ಮವರನ್ನು ಆಸ್ಪತ್ರೆಯಿಂದ ಕರೆತರುವ ಮುನ್ನ ನಿದ್ದೆ, ಸಿಟ್ಟು, ಮರೆವು, ವಾಸನೆ ಇವುಗಳ ಬಗ್ಗೆಯೂ ವೈದ್ಯರನ್ನು ಕೇಳಿ. ನಾವು ಕೇಳಿರಲಿಲ್ಲ.