ದಡಕ್ಕೆ ಬಿದ್ದ ನೀಲಿ ಗುಳ್ಳೆ

ಪ್ರಶ್ನೆ: ನಾವು ಮುಂಬಯಿಯಲ್ಲಿರುವ ಕನ್ನಡಿಗರು. ಕಳೆದ ವಾರ ಮಳೆ ಬಿಟ್ಟಾಗ ಜುಹು ಬೀಚಿಗೆ ಹೋಗಿದ್ದೆವು. ಮರಳ ಮೇಲೆ ಸತ್ತಂತೆ ಬಿದ್ದಿದ್ದ ನೀಲಿ ಗುಳ್ಳೆಯನ್ನು ಹತ್ತು ವರ್ಷದ ಮಗ ಎತ್ತಿಕೊಂಡ. ತಕ್ಷಣ ಉರಿ ಉರಿ ಎಂದು ಚೀರಿದ. ಅಲ್ಲಿದ್ದವರು ಮರಳು ಹಾಕಿ ಉಜ್ಜಿದರು. ನೋವು ಇಳಿದಿದೆ, ಆದರೆ ಮುಂಗೈ ಮೇಲೆ ಚಾಟಿಯೇಟಿನಂಥ ಗೆರೆ ಉಳಿದು ತುರಿಸುತ್ತಿದೆ. ವಿಷ ಒಳಗೇ ಇದೆಯೇ ಡಾಕ್ಟರೇ?
– ಒಬ್ಬ ತಾಯಿ, ಮುಂಬಯಿ

ಉತ್ತರ: ಹೆದರಬೇಡಿ ಅಮ್ಮಾ. ಈಗ ಕಾಣುತ್ತಿರುವುದು ಚರ್ಮದ ಪ್ರತಿಕ್ರಿಯೆ. ಗೆರೆ, ತುರಿಕೆ ಕೆಲವು ವಾರ ಉಳಿಯುವುದೂ ಉಂಟು. ಕ್ಯಾಲಮೈನ್ ಲೋಷನ್ ಹಚ್ಚಿ. ಗುಳ್ಳೆಯೆದ್ದರೆ, ಕೀವು ಕಂಡರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ನಿಮ್ಮ ವಿವರಣೆ ನೋಡಿದರೆ ಅದು ಬ್ಲೂ ಬಾಟಲ್. ಮಳೆಗಾಲದ ಗಾಳಿ ಇವನ್ನು ಮುಂಬಯಿ ದಡಕ್ಕೆ ತಳ್ಳುತ್ತದೆ. ಜನ ಜೆಲ್ಲಿಫಿಶ್ ಅನ್ನುತ್ತಾರೆ, ಆದರೆ ಇದು ಸೈಫನೊಫೋರ್ ಗುಂಪಿನದು. ನೋಡಲು ಒಂದೇ ಪ್ರಾಣಿ, ನಿಜದಲ್ಲಿ ಒಂದೇ ಮೊಟ್ಟೆಯಿಂದ ಕವಲೊಡೆದು ಅಂಟಿಕೊಂಡೇ ಬಾಳುವ ಹಲವು ಜೀವಿಗಳ ಸಮೂಹ. ತೇಲಿಸುವುದು ಒಂದರ ಕೆಲಸ; ಬೇಟೆಯಾಡುವುದು, ಜೀರ್ಣಿಸುವುದು, ಸಂತಾನ ಬೆಳೆಸುವುದು ಬೇರೆಯವುಗಳದ್ದು. ತೇಲುವ ಚೀಲದ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ, ಅದನ್ನು ಪ್ರಾಣಿಯೇ ತಯಾರಿಸಿಕೊಳ್ಳುತ್ತದೆ! ಅಟ್ಲಾಂಟಿಕ್‌ನ ದೊಡ್ಡ ಬಗೆಯಲ್ಲಿ ಬೇಟೆಯ ಎಳೆಗಳು 30 ಮೀಟರ್‌ವರೆಗೂ ಉದ್ದವಾಗಬಲ್ಲವು.

ಆ ಎಳೆಗಳ ತುಂಬ ಕುಟುಕು ಕೋಶಗಳು. ಒಂದೊಂದರಲ್ಲೂ ಸುರುಳಿ ಸುತ್ತಿದ ಟೊಳ್ಳು ದಾರ, ವಿಷ. ಸೋಕಿದರೆ ಸಾಕು, ಕೋಶ ತಾನಾಗಿ ಸಿಡಿಯುತ್ತದೆ. ಪ್ರಾಣಿಯ ಅಪ್ಪಣೆ ಬೇಕಿಲ್ಲ. ಹಾಗಾಗಿ ದಡಕ್ಕೆ ಬಿದ್ದು ಸತ್ತದ್ದೂ, ತುಂಡಾದ ಎಳೆಯೂ ಕುಟುಕುತ್ತದೆ. ಮರಳಿನಲ್ಲಿ ಉಜ್ಜಿದರೆ ಸಿಡಿಯದೆ ಉಳಿದ ಕೋಶಗಳೂ ಸಿಡಿಯುತ್ತವೆ. ಉಜ್ಜಿದವರದ್ದು ಒಳ್ಳೆಯ ಮನಸ್ಸೇ, ಆದರೆ ಈ ಪದ್ಧತಿ ನಿಲ್ಲಲೇಬೇಕು. ಮೂತ್ರ, ಸ್ಪಿರಿಟ್ ಕೂಡ ಬೇಡ.

ಮುಂದೆ ಯಾರಿಗಾದರೂ ಹೀಗಾದರೆ ಚಿಮುಟದಿಂದಲೋ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡೋ ಎಳೆಗಳನ್ನು ಬಿಡಿಸಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಳಿಕ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಅದ್ದಿಡಿ. ಮಗುವಿಗೆ ಸುಡದಂತೆ ಮೊದಲು ನಿಮ್ಮ ಕೈ ಇಟ್ಟು ನೋಡಿ. ಆಸ್ಟ್ರೇಲಿಯದ ವೈದ್ಯರು ಇದನ್ನು ಐಸ್ ಜೊತೆ ಹೋಲಿಸಿ ನೋಡಿದಾಗ ಬಿಸಿನೀರೇ ನೋವನ್ನು ಚೆನ್ನಾಗಿ ತಗ್ಗಿಸಿತು. ಬಿಸಿನೀರು ಸಿಗದಿದ್ದರೆ ಮಾತ್ರ ಐಸ್. ಉಸಿರಾಟಕ್ಕೆ ಕಷ್ಟ, ಎದೆನೋವು, ಮುಖದ ಊತ ಕಂಡರೆ, ಕಣ್ಣಿಗೆ ತಗುಲಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.