ಚಿಕ್ಕ ವಿಮಾನದ ಟೈರಿಗೆ ಗಾಳಿಯೋ, ನೈಟ್ರೋಜನ್ನೋ?

ಪ್ರಶ್ನೆ: ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಅವನು ಹಾರಿಸುವ ಸೆಸ್ನಾ 172 ವಿಮಾನದ ಟೈರಿಗೆ ಕಂಪ್ರೆಸರ್‌ನಿಂದ ಮಾಮೂಲಿ ಗಾಳಿಯನ್ನೇ ಹೊಡೆಯುತ್ತಾರಂತೆ. ದೊಡ್ಡ ವಿಮಾನಕ್ಕೆ ನೈಟ್ರೋಜನ್ ಕಡ್ಡಾಯ, ಗಾಳಿ ತುಂಬಿದ್ದ ಟೈರು ಸಿಡಿದು ಹಿಂದೊಮ್ಮೆ ವಿಮಾನವೇ ಬಿದ್ದಿತ್ತು ಎಂದು ಬಂಧುಗಳೊಬ್ಬರು ಹೇಳಿದರು. ಅಂದಿನಿಂದ ನಿದ್ದೆ ಬರುತ್ತಿಲ್ಲ. ಶಾಲೆಯವರನ್ನು ಕೇಳಲೇ?
– ಒಬ್ಬ ತಾಯಿ, ಬೀದರ್

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ನೀವು ಕೇಳಿದ ಘಟನೆ ನಿಜವಾಗಿ ನಡೆದದ್ದೇ. ಆದರೆ ಅಂಥ ಅಪಾಯ ನಿಮ್ಮ ಮಗನ ವಿಮಾನಕ್ಕೆ ಇಲ್ಲ. ಮೊದಲು ಸಮಾಧಾನ ಮಾಡಿಕೊಳ್ಳಿ, ವಿಷಯ ಆಮೇಲೆ ನೋಡೋಣ.

1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಮೆಕ್ಸಿಕೊ ಸಿಟಿಯಿಂದ ಹೊರಟಿತು. ಅದರ ಒಂದು ಚಕ್ರದ ಬ್ರೇಕ್ ವಿಪರೀತ ಕಾದಿತ್ತು. ಆ ಚಕ್ರ ಮಡಚಿಕೊಂಡು ವಿಮಾನದ ಹೊಟ್ಟೆಯೊಳಗೆ ಸೇರಿದ ಮೇಲೆ ಟೈರು ಸ್ಫೋಟಿಸಿ, ಇಂಧನದ ಕೊಳವೆಗಳನ್ನೂ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ವ್ಯವಸ್ಥೆ) ಕೊಳವೆಗಳನ್ನೂ ಹರಿದುಹಾಕಿತು. 167 ಮಂದಿ ತೀರಿಕೊಂಡರು. ಆ ಟೈರಿನಲ್ಲಿದ್ದದ್ದು ನೈಟ್ರೋಜನ್ ಅಲ್ಲ, ಗಾಳಿ.

ಟೈರು ಅತಿಯಾಗಿ ಕಾದರೆ ಅದರ ಒಳಪದರದ ರಬ್ಬರ್ ಉರಿಯುವ ಆವಿ ಬಿಡುತ್ತದೆ. ಒಳಗೆ ಆಕ್ಸಿಜನ್ ಇದ್ದರೆ ಆ ಆವಿ ಹೊತ್ತಿಕೊಳ್ಳುತ್ತದೆ. ನೈಟ್ರೋಜನ್ (ಸಾರಜನಕ) ಉರಿಯುವುದಕ್ಕೆ ಒದಗುವುದಿಲ್ಲ. ಅದಕ್ಕೇ ಅಮೆರಿಕದ ನಿಯಮದಲ್ಲಿ 75,000 ಪೌಂಡ್‌ಗಿಂತ, ಅಂದರೆ ಸುಮಾರು 34,000 ಕೆ.ಜಿ.ಗಿಂತ ಭಾರದ ವಿಮಾನಗಳ ಬ್ರೇಕ್ ಇರುವ ಚಕ್ರಗಳ ಟೈರಿನಲ್ಲಿ ಆಕ್ಸಿಜನ್ ಶೇ. 5 ಮೀರಬಾರದು ಎಂದಿದೆ.

ಸೆಸ್ನಾ 172 ತುಂಬಿ ಹೊರಟಾಗಲೂ 1,200 ಕೆ.ಜಿ. ದಾಟುವುದಿಲ್ಲ. ಇಳಿಯುವ ವೇಗ ಕಡಿಮೆ, ಬ್ರೇಕ್‌ಗೆ ಬೀಳುವ ಹೊರೆಯೂ ಕಡಿಮೆ. ಚಕ್ರಗಳು ಮಡಚಿಕೊಳ್ಳದೆ ಹೊರಗೇ ಇರುತ್ತವೆ. ಟೈರಿಗೆ ಏನಾದರೂ ಆದರೂ ಪಕ್ಕದಲ್ಲಿ ಕತ್ತರಿಸಿಹೋಗಲು ಇಂಧನದ ಕೊಳವೆಗಳಿಲ್ಲ. ಶಾಲೆಗೆ ಫೋನ್ ಮಾಡಬೇಕಿಲ್ಲ. ಮಗನಿಗೆ ಫೋನ್ ಮಾಡಿದಾಗ ‘ಹಾರುವ ಮೊದಲು ಟೈರು ನೋಡಿದೆಯಾ?’ ಎಂದು ಕೇಳಿ. ಅದು ಉಪಯೋಗಕ್ಕೆ ಬರುವ ಪ್ರಶ್ನೆ.

ಪ್ರಶ್ನೆ: ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನೈಟ್ರೋಜನ್ ಬಿಸಿಲಿಗೆ ಹಿಗ್ಗುವುದಿಲ್ಲ, ಸೋರುವುದೂ ಇಲ್ಲ ಎನ್ನುತ್ತಾರೆ. ಮಧ್ಯಾಹ್ನ ಹಾರುವಾಗ ಟೈರು ಸಿಡಿದೀತೆಂದು ಅಳುಕು.
– ತರಬೇತಿ ಪೈಲಟ್, ಕಲಬುರಗಿ

ಉತ್ತರ: ಕಾದ ರನ್‌ವೇ ಮೇಲೆ ಇಳಿಯುವಾಗ ಅಳುಕು ಬರುವುದು ಸಹಜ. ಆದರೆ ಬರೀ ಬಿಸಿಲಿಗೆ ಒಳ್ಳೆಯ ಟೈರು ಸಿಡಿಯುವುದಿಲ್ಲ.

ಬಿಸಿಯಾದರೆ ಗಾಳಿಯೂ ನೈಟ್ರೋಜನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆಯಲ್ಲ! ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಶೇ. 1ರಷ್ಟು ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 40 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇದ್ದದ್ದು ಮಧ್ಯಾಹ್ನ 40 ಡಿಗ್ರಿಯಲ್ಲಿ 42ರ ಆಸುಪಾಸಿಗೆ ಬರುತ್ತದೆ. ಟೈರಿಗೆ ಇದೇನೂ ಹೊರೆಯಲ್ಲ. ಹೆಚ್ಚಾಯಿತೆಂದು ಬಿಸಿ ಟೈರಿನಿಂದ ಗಾಳಿ ಬಿಡಬೇಡಿ; ತಣ್ಣಗಾದ ಮೇಲೆ ಒತ್ತಡ ಕಡಿಮೆ ಬೀಳುತ್ತದೆ. ವಿಮಾನ ಇಳಿದು ಎರಡು ಮೂರು ಗಂಟೆ ಕಳೆದ ಮೇಲೆಯೇ ಗೇಜ್ ಹಿಡಿಯಬೇಕು.

ನೀವು ಹೆದರಬೇಕಾದದ್ದು ಒತ್ತಡ ಕಡಿಮೆಯಾದಾಗ. ಆಗ ಟೈರಿನ ಪಕ್ಕೆಗಳು ಮಡಚಿ ಮಡಚಿ ಕಾಯುತ್ತವೆ. ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಅದರೊಂದಿಗೆ ಟ್ಯೂಬೂ ಎಳೆದುಕೊಂಡು ವಾಲ್ವ್ ಕಿತ್ತುಬರಬಹುದು. ಇದನ್ನು ಗುರುತಿಸಲೆಂದೇ ಟೈರಿಗೂ ರಿಮ್ಮಿಗೂ ಅಡ್ಡಲಾಗಿ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಮುರಿದಂತೆ ಕಂಡರೆ ಹಾರಬೇಡಿ, ಎಂಜಿನಿಯರ್‌ಗೆ ತೋರಿಸಿ.

ಸೋರುವಿಕೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಆಕ್ಸಿಜನ್ನಿಗಿಂತ ನೈಟ್ರೋಜನ್ ರಬ್ಬರಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಆದರೆ ಹಳೆಯ ವಾಲ್ವ್ ಒಂದು ಸೋರಿದರೆ ಆ ಲಾಭವೆಲ್ಲ ಹೋಯಿತು. ನೈಟ್ರೋಜನ್ನಿನ ಇನ್ನೊಂದು ಗುಣ, ಅದು ಒಣದಾಗಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯೊಂದಿಗೆ ನೀರಿನ ಪಸೆಯೂ ಒಳಹೋಗುತ್ತದೆ. ಟ್ಯೂಬ್ ಇಲ್ಲದ ಚಕ್ರಗಳಲ್ಲಿ ಅದು ಲೋಹವನ್ನು ತಿನ್ನುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಹೊರಬಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಪ್ರಶ್ನೆ: ಹ್ಯಾಂಗರ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಸಿಲಿಂಡರ್‌ನಿಂದ ಟೈರಿಗೆ ನೈಟ್ರೋಜನ್ ತುಂಬಲು ಕೈ ನಡುಗುತ್ತದೆ. ಗಾಳಿ ಇರುವ ಟೈರಿಗೆ ನೈಟ್ರೋಜನ್ ಸೇರಿಸಬಹುದೇ? ಹಿರಿಯರನ್ನು ಕೇಳಲು ಸಂಕೋಚ.
– ಸಹಾಯಕ ತಂತ್ರಜ್ಞ, ಬೆಂಗಳೂರು

ಉತ್ತರ: ಈ ಕೆಲಸದಲ್ಲಿ ಕೈ ನಡುಗುವುದು ಒಳ್ಳೆಯದೇ; ಅಪಾಯ ನಿಮಗೆ ಅರ್ಥವಾಗಿದೆ ಎಂದಾಯಿತು. ಸಂಕೋಚ ಮಾತ್ರ ಬಿಡಿ. ಮೊದಲ ಕೆಲವು ಸಲ ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತುಂಬಿ.

ಚಿಕ್ಕ ವಿಮಾನದ ಮಟ್ಟಿಗೆ ಗಾಳಿ, ನೈಟ್ರೋಜನ್ ಬೆರೆತರೆ ತೊಂದರೆಯಿಲ್ಲ. ನಿಮ್ಮ ವಿಮಾನದ ಮೇಂಟೆನೆನ್ಸ್ ಮ್ಯಾನ್ಯುಯಲ್ (ನಿರ್ವಹಣಾ ಕೈಪಿಡಿ) ನೈಟ್ರೋಜನ್ನೇ ಆಗಬೇಕೆಂದರೆ ಅದನ್ನೇ ಪಾಲಿಸಿ.

ತುಂಬಿದ ಸಿಲಿಂಡರ್‌ನಲ್ಲಿ 2,000 ಪಿಎಸ್‌ಐ ಮೀರಿದ ಒತ್ತಡ ಇರುತ್ತದೆ, ಸೆಸ್ನಾ 172ರಂಥ ವಿಮಾನದ ಟೈರಿಗೆ ಬೇಕಾದದ್ದು ಹೆಚ್ಚೆಂದರೆ 40–50. ರೆಗ್ಯುಲೇಟರ್ (ಒತ್ತಡ ತಗ್ಗಿಸುವ ಸಾಧನ) ಇಲ್ಲದೆ ಸಿಲಿಂಡರ್ ಮುಟ್ಟಲೇಬೇಡಿ. ತುಂಬುವಾಗ ಚಕ್ರದ ಪಕ್ಕಕ್ಕೆ ಎದುರಾಗಿ ಕೂರಬೇಡಿ. ಮುಂದೆ ಅಥವಾ ಹಿಂದೆ ಇರಿ. ಸಿಲಿಂಡರ್ ಮೇಲಿನ ಚೀಟಿಯನ್ನು ಪ್ರತಿ ಸಲವೂ ಓದಿ, ಬಣ್ಣವನ್ನಷ್ಟೇ ನಂಬಬೇಡಿ. ಟೈರಿಗೆ ಆಕ್ಸಿಜನ್ ತುಂಬಿದರೆ ಬೆಂಕಿಯನ್ನು ಕರೆದಂತೆ. ನೈಟ್ರೋಜನ್ನಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಗೊತ್ತಾಗದೆಯೇ ಉಸಿರು ಕಟ್ಟುತ್ತದೆ. ಬಾಗಿಲು ತೆರೆದಿರಲಿ.

ಇನ್ನೊಂದು ಮಾತು. ಈ ಚಕ್ರಗಳು ಎರಡು ಹೋಳುಗಳನ್ನು ಬೋಲ್ಟ್ ಹಾಕಿ ಜೋಡಿಸಿದವು. ಒಳಗಿನ ಒತ್ತಡ ಪೂರ್ತಿ ಬಿಡದೆ ಬೋಲ್ಟ್ ಸಡಿಲಿಸಿದರೆ ಹೋಳುಗಳು ಸಿಡಿದು ಜೀವಕ್ಕೇ ಕುತ್ತು. ಗಾಳಿ ಇರಲಿ, ನೈಟ್ರೋಜನ್ ಇರಲಿ, ಈ ನಿಯಮ ಒಂದೇ.

ಮೂವರಿಗೂ ಹೇಳುವುದಿಷ್ಟು: ಚಿಕ್ಕ ವಿಮಾನಕ್ಕೆ ಒಣ, ಶುದ್ಧ ಗಾಳಿ ಸಾಕು. ನೈಟ್ರೋಜನ್ ಸುಲಭವಾಗಿ ಸಿಕ್ಕರೆ ಹಾಕಿಸಿ, ಸಿಗದಿದ್ದರೆ ಕೊರಗಬೇಡಿ. ಯಾವುದನ್ನು ತುಂಬಿದರೂ ಟೈರು ತಣ್ಣಗಿರುವಾಗ ಗೇಜ್ ಹಿಡಿದು ನೋಡುವುದನ್ನು ಮಾತ್ರ ತಪ್ಪಿಸಬೇಡಿ.